ಚಾರ್ಲ್ಸ್ ರಾಬರ್ಟ್ಸ್ ಹೆಸರಿನ ಪ್ರಶಸ್ತಿ ಮತ್ತು ಆರು ಮೂಲೆಯ ಮನೆಗಳ ಲೆಕ್ಕ

ವಾರ್‌ಗೇಮ್ ಆಡುವವರು ಸಲುಗೆಯಿಂದ 'ಚಾರ್ಲಿ' ಎಂದು ಕರೆಯುವ ಒಂದು ಪ್ರಶಸ್ತಿ ಅಮೆರಿಕದಲ್ಲಿದೆ. ಅದರ ಪೂರ್ತಿ ಹೆಸರು ಚಾರ್ಲ್ಸ್ ಎಸ್. ರಾಬರ್ಟ್ಸ್ ಪ್ರಶಸ್ತಿ. ಇತಿಹಾಸದಲ್ಲಿ ನಡೆದ ಯುದ್ಧಗಳನ್ನು ಮೇಜಿನ ಮೇಲೆ ಆಡಿಸುವ ಬೋರ್ಡ್ ಗೇಮ್‌ಗಳಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿಲ್ಲ. ಆ ಹೆಸರಿನ ಮನುಷ್ಯ ದೊಡ್ಡ ಸೇನಾಧಿಕಾರಿಯಾಗಿರಲಿಲ್ಲ, ಇತಿಹಾಸದ ಪ್ರಾಧ್ಯಾಪಕರೂ ಆಗಿರಲಿಲ್ಲ. ಆಟದಲ್ಲಿ ಎದುರಾಳಿಗಳನ್ನು ಮಣಿಸಿ ಹೆಸರು ಮಾಡಿದವರೂ ಅಲ್ಲ. ಕಟ್ಟಿದ ಕಂಪನಿಯನ್ನು ಐದೇ ವರ್ಷದಲ್ಲಿ ಸಾಲಗಾರರ ಕೈಗೆ ಒಪ್ಪಿಸಿ ಹೊರನಡೆದವರು. 2010ರ ಆಗಸ್ಟ್ 20ರಂದು, 80ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವರು ಆ ಉದ್ಯಮ ಬಿಟ್ಟು ನಾಲ್ಕೂವರೆ ದಶಕ ಕಳೆದಿತ್ತು. ಆದರೂ ಅವರ ಹೆಸರು ಹೇಳದೆ ಈ ಹವ್ಯಾಸದ ಚರಿತ್ರೆ ಶುರುವಾಗುವುದಿಲ್ಲ. ಕಾರಣ ಕೇಳಿದರೆ ಹಳೆಯ ಆಟಗಾರರು ಭಾವುಕರಾಗಿ ಮಾತಾಡುವುದಕ್ಕಿಂತ ಹೆಚ್ಚಾಗಿ ಲೆಕ್ಕ ಹೇಳುತ್ತಾರೆ. ಆ ಲೆಕ್ಕ ಏನು ಎಂಬುದು ಗೊತ್ತಾಗದೆ ಈ ಗೌರವ ಅರ್ಥವಾಗುವುದಿಲ್ಲ.

ಮೊದಲು ಸ್ವಲ್ಪ ಹಿಂದಿನ ಕಥೆ. ಯುದ್ಧವನ್ನು ಹಲಗೆಯ ಮೇಲೆ ಆಡುವುದು ಹೊಸದೇನಲ್ಲ, ನಮ್ಮ ಚತುರಂಗವೇ ಇದೆ. ಅದು ಪರ್ಷಿಯಾ ದಾಟಿ ಯುರೋಪಿಗೆ ಹೋಗಿ ಅಲ್ಲಿನ ಚೆಸ್ ಆಯಿತು. 1780ರಲ್ಲಿ ಹೆಲ್‌ವಿಗ್ ಎಂಬ ಜರ್ಮನ್ ಗಣಿತದ ಮೇಷ್ಟ್ರು ಆ ಚೆಸ್ಸನ್ನೇ ಹಿಗ್ಗಿಸಿ, ನೂರಾರು ಮನೆಗಳ ಹಲಗೆಯಲ್ಲಿ ಬೆಟ್ಟ, ನದಿ, ಫಿರಂಗಿಗಳನ್ನು ತಂದರು. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್, ತಮ್ಮ ತಂದೆ ಶುರುಮಾಡಿದ್ದ ಆಟವನ್ನು ತಿದ್ದಿ ಚೌಕಗಳನ್ನೇ ಕಿತ್ತುಹಾಕಿದರು. ನಿಜವಾದ ಸೇನಾ ನಕ್ಷೆಯ ಮೇಲೆ ಅಳತೆಪಟ್ಟಿ ಹಿಡಿದು ತುಕಡಿಗಳನ್ನು ನಡೆಸುವುದು, ಗುಂಡಿನ ಪರಿಣಾಮಕ್ಕೆ ದಾಳ ಉರುಳಿಸುವುದು, ನಡುವೆ ಕೂತ ತೀರ್ಪುಗಾರ ಹೇಳಿದ್ದನ್ನು ಒಪ್ಪುವುದು ಅದರ ಕ್ರಮ. ಪ್ರಷ್ಯಾದ ಸೇನೆ ಅದನ್ನು ಅಧಿಕಾರಿಗಳ ತರಬೇತಿಗೆ ಬಳಸಿತು. 1913ರಲ್ಲಿ ಲೇಖಕ ಎಚ್. ಜಿ. ವೆಲ್ಸ್ ಆಟಿಕೆ ಸೈನಿಕರನ್ನು ನೆಲದ ಮೇಲೆ ಸಾಲಾಗಿ ನಿಲ್ಲಿಸಿ, ಸ್ಪ್ರಿಂಗ್ ತೋಪಿನಿಂದ ಹೊಡೆದು ಬೀಳಿಸುವ ಆಟಕ್ಕೆ ನಿಯಮ ಬರೆದರು.

ಈ ಎಲ್ಲದರಲ್ಲೂ ಒಂದು ತೊಡಕಿತ್ತು. ಒಂದೋ ತಿಳಿದ ತೀರ್ಪುಗಾರ ಬೇಕು, ಇಲ್ಲವೇ ಬಣ್ಣ ಬಳಿದ ನೂರಾರು ಸೀಸದ ಗೊಂಬೆಗಳು, ಅವನ್ನು ಹರಡಲು ದೊಡ್ಡ ಕೋಣೆ ಬೇಕು. ಅಂದರೆ ಸೈನ್ಯದಲ್ಲಿರಬೇಕು ಅಥವಾ ಕೈಯಲ್ಲಿ ದುಡ್ಡಿರಬೇಕು. ಅಂಗಡಿಗೆ ಹೋಗಿ ಡಬ್ಬಿಯೊಂದನ್ನು ಕೊಂಡು ತಂದು, ಗೆಳೆಯನೊಬ್ಬನನ್ನು ಕರೆದು, ಊಟದ ಮೇಜಿನ ಮೇಲೆ ಆಡಿ ಮುಗಿಸುವಂಥದ್ದು ಇರಲಿಲ್ಲ.

ರಾಬರ್ಟ್ಸ್ ಹುಟ್ಟಿದ್ದು 1930ರಲ್ಲಿ. ಬೆಳೆದದ್ದು, ಬಾಳಿದ್ದು ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಆಸುಪಾಸಿನಲ್ಲಿ. 1952ರ ಹೊತ್ತಿಗೆ ಅವರು ಸೇನಾಧಿಕಾರಿಯಾಗಿ ನೇಮಕವಾಗುವುದನ್ನು ಎದುರುನೋಡುತ್ತಿದ್ದರು. ಯುದ್ಧತಂತ್ರದ ತತ್ವಗಳನ್ನು ಪುಸ್ತಕದಲ್ಲಿ ಓದಬಹುದು, ಆದರೆ ಕೈಯಾರೆ ಮಾಡಿ ನೋಡಲು ಯುದ್ಧವೇ ಆಗಬೇಕಲ್ಲ! ಆ ಅಭ್ಯಾಸಕ್ಕೆಂದು ತಮಗಾಗಿಯೇ ಒಂದು ಆಟ ಹೆಣೆದರು. ಹೆಸರು 'ಟ್ಯಾಕ್ಟಿಕ್ಸ್'. ಅದರಲ್ಲಿ ನಿಜವಾದ ದೇಶಗಳಿಲ್ಲ, ಎರಡು ಕಾಲ್ಪನಿಕ ರಾಷ್ಟ್ರಗಳು ಮಾತ್ರ. 1954ರಲ್ಲಿ ಅದನ್ನು ಅಚ್ಚು ಹಾಕಿಸಿ, ಮನೆಯಿಂದಲೇ ಅಂಚೆಯಲ್ಲಿ ಮಾರಲು ಶುರುಮಾಡಿದರು. ಕೆಲವು ವರ್ಷಗಳಲ್ಲಿ ಸುಮಾರು 2,000 ಪ್ರತಿ ಹೋದವು. ಲೆಕ್ಕ ಮುಗಿಸಿದಾಗ ಗಂಟೂ ಹೋಗಲಿಲ್ಲ, ಗಳಿಕೆಯೂ ಆಗಲಿಲ್ಲ. ಆದರೆ ಇಂಥದ್ದನ್ನು ಕೊಳ್ಳುವ ಜನ ಇದ್ದಾರೆ ಎಂಬುದು ಖಾತ್ರಿಯಾಯಿತು. 1958ರಲ್ಲಿ ಅವರು 'ಅವಲಾನ್ ಹಿಲ್' ಕಂಪನಿ ಕಟ್ಟಿದರು.

ಇಂದಿನ ಆಟಗಾರರಿಗೆ 'ಟ್ಯಾಕ್ಟಿಕ್ಸ್' ತೀರಾ ಸರಳ ಎನಿಸುತ್ತದೆ. ಅಂದಿನವರಿಗೆ ಅದರ ನಿಯಮ ತಲೆಗೆ ಹತ್ತುವುದೇ ಕಷ್ಟವಾಗಿತ್ತಂತೆ. ಚೆಸ್ಸಿನಲ್ಲಿ ನಿಮ್ಮ ಸರದಿ ಬಂದರೆ ಒಂದು ಕಾಯಿ ನಡೆಸುತ್ತೀರಿ. ಇಲ್ಲಿ ನಿಮ್ಮ ಸರದಿ ಬಂದರೆ ಇಡೀ ಸೈನ್ಯವನ್ನೇ ನಡೆಸಬಹುದು. ಚೆಸ್ಸಿನಲ್ಲಿ ಎದುರಾಳಿಯ ಮನೆಗೆ ಹೋದರೆ ಕಾಯಿ ಹೊಡೆದಂತೆಯೇ. ಇಲ್ಲಿ ಹೋಗಿ ಮುಟ್ಟಿದ ಮಾತ್ರಕ್ಕೆ ಏನೂ ಆಗುವುದಿಲ್ಲ; ಬಲಾಬಲ ಲೆಕ್ಕ ಹಾಕಿ, ದಾಳ ಉರುಳಿಸಿ, ಒಂದು ಕೋಷ್ಟಕ ನೋಡಬೇಕು. ತೀರ್ಪುಗಾರನ ತಲೆಯಲ್ಲಿ ಇರುತ್ತಿದ್ದುದನ್ನು ರಾಬರ್ಟ್ಸ್ ಆ ಕೋಷ್ಟಕಕ್ಕೆ ಇಳಿಸಿದರು. ನನ್ನ ಮಟ್ಟಿಗೆ ಅವರ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ. ಷಟ್ಕೋನದ ಮನೆಗಳಿಗೆ ಸಿಕ್ಕಷ್ಟು ಪ್ರಚಾರ ಇದಕ್ಕೆ ಸಿಗಲಿಲ್ಲ, ಅಷ್ಟೇ.

ಕೋಷ್ಟಕ ಹೇಗೆ ಕೆಲಸ ಮಾಡುತ್ತದೆ ನೋಡಿ. ರಟ್ಟಿನ ಸಣ್ಣ ಚೌಕ ಬಿಲ್ಲೆಯೊಂದು ಒಂದು ಸೇನಾ ತುಕಡಿ. ಅದರ ಮೇಲೆ ತುಕಡಿಯ ಹೆಸರು, ಕೆಳಗೆ ಅಂಕಿಗಳು: ದಾಳಿಯ ಬಲ, ರಕ್ಷಣೆಯ ಬಲ, ಒಂದು ಸರದಿಯಲ್ಲಿ ಎಷ್ಟು ಮನೆ ನಡೆಯಬಹುದು ಎಂಬ ಲೆಕ್ಕ. ಎದುರಾಳಿಯ ತುಕಡಿಯ ರಕ್ಷಣಾ ಬಲ 4 ಎಂದುಕೊಳ್ಳಿ. ನೀವು ಅದರ ಸುತ್ತ ಒಟ್ಟು 11 ಬಲದ ತುಕಡಿಗಳನ್ನು ತಂದು ನಿಲ್ಲಿಸಿದ್ದೀರಿ. 11 ಭಾಗಿಸು 4 ಅಂದರೆ ಎರಡೂ ಮುಕ್ಕಾಲು. ಆದರೆ ನಿಯಮದಲ್ಲಿ ಮುಕ್ಕಾಲಿಗೆ ಬೆಲೆಯಿಲ್ಲ. ಉಳಿದ ಚೂರು ಯಾವಾಗಲೂ ರಕ್ಷಕನ ಪಾಲು. ಹಾಗಾಗಿ ನಿಮ್ಮದು 2ಕ್ಕೆ 1ರ ದಾಳಿ. ಆ ಕಾಲಂನಲ್ಲಿ ದಾಳ ಕೆಟ್ಟದಾಗಿ ಬಿದ್ದರೆ ದಾಳಿಗೆ ಹೋದ ನಿಮ್ಮವರೇ ಪೂರ್ತಿ ಅಳಿಸಿಹೋಗಬಹುದು. ಇನ್ನೊಂದೇ ಒಂದು ಅಂಕ ಹೊಂದಿಸಿ 12 ಮಾಡಿದ್ದರೆ 3ಕ್ಕೆ 1 ಆಗುತ್ತಿತ್ತು. ಅವಲಾನ್ ಹಿಲ್‌ನ ಹಳೆಯ ಕೋಷ್ಟಕದಲ್ಲಿ 3ಕ್ಕೆ 1ರಿಂದಾಚೆ ದಾಳಿಕೋರನೊಬ್ಬನೇ ನಾಶವಾಗುವ ಫಲಿತಾಂಶವೇ ಇಲ್ಲ. ಶತ್ರು ಸಾಯುತ್ತಾನೆ, ಇಲ್ಲವೇ ಹಿಂದೆ ಸರಿಯುತ್ತಾನೆ, ತೀರಾ ಕೆಟ್ಟರೆ ಎರಡೂ ಕಡೆ ಸಮಸಮ ನಷ್ಟ.

ಈಗ ಅದೇ 4 ಬಲದ ತುಕಡಿ ನದಿಯ ಆಚೆ ದಡದಲ್ಲಿ ಕೂತಿದೆ ಎನ್ನಿ. ನದಿಯ ಆಸರೆಯಿಂದ ಅದರ ರಕ್ಷಣೆ ಇಮ್ಮಡಿ, ಅಂದರೆ 8. ನಿಮಗೆ ಬೇಕಾದದ್ದು 12 ಅಲ್ಲ, 24. ಅಷ್ಟು ತರಬೇಕಾದರೆ ಬೇರೆಲ್ಲೋ ಸಾಲು ತೆಳುವಾಗುತ್ತದೆ. ಆ ತೆಳುವಾದ ಕಡೆ ಎದುರಾಳಿ ನುಗ್ಗುತ್ತಾನೆ. ಸೇನಾಬಲವನ್ನು ಒಂದು ಕಡೆ ಒಟ್ಟುಮಾಡು, ಉಳಿದ ಕಡೆ ಕಡಿಮೆಯಲ್ಲೇ ತೂಗಿಸು ಎಂದು ಯುದ್ಧಶಾಸ್ತ್ರದ ಪುಸ್ತಕಗಳು ಎರಡು ಪುಟ ಬರೆಯುವ ಪಾಠ ಇಲ್ಲಿ ಒಂದು ಅಂಕಕ್ಕಾಗಿ ಪರದಾಡುವಾಗ ತಾನಾಗಿ ತಲೆಗೆ ಹೋಗುತ್ತದೆ. ಈ ಆಟಗಳಲ್ಲಿ ನುರಿತವರು ಮೇಜಿನೆದುರು ತುಟಿ ಅಲ್ಲಾಡಿಸುತ್ತಾ ಕೂತಿರುತ್ತಾರಲ್ಲ, ಹೆಚ್ಚಿನ ಸಲ ಅವರು ಎಣಿಸುತ್ತಿರುವುದು ಈ ಮೂರರ ಮಗ್ಗಿಯನ್ನೇ.

ಇದೆಲ್ಲ ಇತಿಹಾಸಕ್ಕೆ ತಗುಲಿದ್ದು 1958ರ 'ಗೆಟಿಸ್‌ಬರ್ಗ್' ಆಟದಲ್ಲಿ. ಅಮೆರಿಕದ ಅಂತರ್ಯುದ್ಧದ ದಿಕ್ಕು ತಿರುಗಿಸಿದ ಆ ಕಾಳಗ ನಡೆದದ್ದು 1863ರ ಜುಲೈ 1ರಿಂದ 3ರವರೆಗೆ, ಪೆನ್ಸಿಲ್ವೇನಿಯಾದಲ್ಲಿ. ಬಾಲ್ಟಿಮೋರ್‌ನಿಂದ ನೂರು ಕಿಲೋಮೀಟರ್ ಕೂಡ ಇಲ್ಲ. ಅಂತರ್ಯುದ್ಧದ ಶತಮಾನೋತ್ಸವ ಹತ್ತಿರ ಬರುತ್ತಿದ್ದ ಕಾಲವಾದ್ದರಿಂದ ಜನರಲ್ಲಿ ಕುತೂಹಲವೂ ಇತ್ತು. ಯಾವ ತುಕಡಿ ಯಾವ ರಸ್ತೆಯಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ ರಣರಂಗಕ್ಕೆ ಬಂದು ಸೇರಿತು ಎಂಬ ಪಟ್ಟಿಯನ್ನು ರಾಬರ್ಟ್ಸ್ ಆಟದ ಬೆನ್ನೆಲುಬಾಗಿಸಿದರು. ಇತಿಹಾಸದಲ್ಲಿ ಬಂದಂತೆಯೇ ಸೈನ್ಯಗಳು ಬರುತ್ತವೆ, ಬಂದ ಮೇಲೆ ಏನು ಮಾಡಬೇಕೆಂಬುದು ನಿಮಗೆ ಬಿಟ್ಟದ್ದು. ದಕ್ಷಿಣದ ರಾಜ್ಯಗಳ ಸೇನಾಪತಿ ಜನರಲ್ ಲೀ ಮೂರನೆಯ ದಿನ ಬಯಲಿನಲ್ಲಿ ನೇರ ದಾಳಿಗೆ ಆಜ್ಞೆ ಕೊಡದಿದ್ದರೆ? ಪುಸ್ತಕ ಓದಿದವನು ಈ ಪ್ರಶ್ನೆ ಕೇಳಿ ಸುಮ್ಮನಾಗಬೇಕಿತ್ತು. ಈ ಆಟದಲ್ಲಿ ಲೀ ಕೂತಿದ್ದ ಕಡೆ ಕೂತು, ಅವರಿಗಿದ್ದಷ್ಟೇ ಸೈನ್ಯ ಹಿಡಿದು ಬೇರೆ ದಾರಿ ಹುಡುಕಬಹುದು. ಸಾಮಾನ್ಯ ಅಂಗಡಿಯಲ್ಲಿ ಸಿಗುವ, ನಿಜವಾಗಿ ನಡೆದ ಒಂದು ಕಾಳಗದ ಮೇಲೆ ಕಟ್ಟಿದ ಮೊದಲ ಆಧುನಿಕ ಬೋರ್ಡ್ ಆಟ ಎಂದು ಇದನ್ನು ಗುರುತಿಸುತ್ತಾರೆ.

ಷಟ್ಕೋನ ಬಂದದ್ದು ಆಮೇಲೆ, 1961ರಲ್ಲಿ. ಅದನ್ನು ತಾವೇ ಕಂಡುಹಿಡಿದದ್ದೆಂದು ರಾಬರ್ಟ್ಸ್ ಹೇಳಿಕೊಳ್ಳಲಿಲ್ಲ. ಅಮೆರಿಕದ ಸೇನೆಗಾಗಿ ಅಧ್ಯಯನ ಮಾಡುತ್ತಿದ್ದ ರ‍್ಯಾಂಡ್ ಸಂಸ್ಥೆಯಲ್ಲಿ ನಡೆಯುತ್ತಿದ್ದ ಯುದ್ಧಾಭ್ಯಾಸದ ಫೋಟೊ ಒಂದರಲ್ಲಿ ಷಟ್ಕೋನಗಳ ಜಾಲ ಕಂಡು ಅಲ್ಲಿಂದ ಎತ್ತಿಕೊಂಡೆ ಎಂದು ಅವರೇ ಬರೆದಿದ್ದಾರೆ. ನೋಡಿದ ತಕ್ಷಣ ಅದರ ಲಾಭ ಅವರಿಗೆ ಹೊಳೆಯಿತು. ಚೌಕದ ಮನೆಗಳಲ್ಲಿ ಪಕ್ಕದ ಮನೆಗೆ ಹೋದರೆ ಒಂದು ಹೆಜ್ಜೆ. ಮೂಲೆಯ ಮನೆಗೆ ಹೋದರೂ ಒಂದೇ ಹೆಜ್ಜೆ ಎಂದು ಲೆಕ್ಕ, ಆದರೆ ದೂರ 1.41 ಪಟ್ಟು. ಹತ್ತು ಹೆಜ್ಜೆ ಓರೆಯಾಗಿ ನಡೆದ ಸೈನ್ಯ ನೇರ ನಡೆದ ಸೈನ್ಯಕ್ಕಿಂತ ನಾಲ್ಕು ಮನೆಯಷ್ಟು ಮುಂದೆ ಹೋಗಿಬಿಟ್ಟಿರುತ್ತದೆ. ಷಟ್ಕೋನಕ್ಕೆ ಆರು ನೆರೆಮನೆಗಳು, ಆರೂ ಸಮಾನ ದೂರದಲ್ಲಿ. ಮೂಲೆಗೆ ಮೂಲೆ ತಾಗುವ ಮನೆ ಎಂಬುದೇ ಇಲ್ಲ. ಇದಕ್ಕೂ ತನ್ನದೇ ಕೊರತೆಯುಂಟು: ಕೆಲವು ದಿಕ್ಕುಗಳಲ್ಲಿ ನೇರ ಸಾಗಲಾಗದೆ ಅಂಕುಡೊಂಕಾಗಿ ನಡೆಯಬೇಕಾಗುತ್ತದೆ. ಆದರೂ ಚೌಕಕ್ಕಿಂತ ವಾಸಿ.

'ಡಿ-ಡೇ' ಮತ್ತು 'ಚಾನ್ಸಲರ್ಸ್‌ವಿಲ್' ಆಟಗಳು ಷಟ್ಕೋನದಲ್ಲೇ ಬಂದವು. 'ಗೆಟಿಸ್‌ಬರ್ಗ್' ಕೂಡ ಆ ವರ್ಷ ಷಟ್ಕೋನಕ್ಕೆ ಬದಲಾಯಿತು. ತಮಾಷೆಯೆಂದರೆ 1964ರಲ್ಲಿ ಅದೊಂದು ಆಟ ಮತ್ತೆ ಚೌಕಕ್ಕೆ ಮರಳಿತು. ಉಳಿದ ಲೋಕ ಮಾತ್ರ ಷಟ್ಕೋನ ಬಿಡಲಿಲ್ಲ. ಈಗ ವಾರ್‌ಗೇಮರುಗಳ ಕೂಟದ ಲಾಂಛನ, ಟೀ ಶರ್ಟ್, ಕೀ ಚೈನು, ಎಲ್ಲದರ ಮೇಲೂ ಆರು ಮೂಲೆ.

ಮುಂದಿನ ಎರಡು ಮೂರು ವರ್ಷಗಳಲ್ಲಿ 'ವಾಟರ್‌ಲೂ', 'ಸ್ಟಾಲಿನ್‌ಗ್ರಾಡ್', 'ಆಫ್ರಿಕಾ ಕೋರ್' ಬಂದವು. 'ಸ್ಟಾಲಿನ್‌ಗ್ರಾಡ್' ಎಂಬುದು ಹೆಸರಿಗೆ ಮಾತ್ರ; ಆಟ 1941ರ ಜೂನ್‌ನಿಂದ ಶುರುವಾಗಿ ಇಡೀ ರಷ್ಯಾ ರಂಗವನ್ನೇ ಹಾಸುತ್ತದೆ. ರಷ್ಯಾದ ಪಾಳಯ ಮೊದಲ ಸಾಲನ್ನು ಯಾವ ನದಿಯ ಹಿಂದೆ, ಯಾವ ತುಕಡಿಯ ಪಕ್ಕ ಯಾವುದನ್ನು ಇಟ್ಟು ಕಟ್ಟಬೇಕು ಎಂಬುದರ ಮೇಲೆಯೇ ಆಟಗಾರರು ವರ್ಷಗಟ್ಟಲೆ ಲೇಖನ ಬರೆದು ಜಗಳವಾಡಿದ್ದಾರೆ. 1964ರಲ್ಲಿ ಶುರುವಾದ ಕಂಪನಿಯ ಪತ್ರಿಕೆ 'ದ ಜನರಲ್' ಇಂಥ ವಾದಗಳಿಗೆ ವೇದಿಕೆಯಾಯಿತು. ಎದುರಾಳಿ ಬೇಕೆಂದು ಜಾಹೀರಾತು ಹಾಕಿ, ಬೇರೆ ಊರಿನವರೊಂದಿಗೆ ಅಂಚೆಯಲ್ಲೇ ತಿಂಗಳುಗಟ್ಟಲೆ ಆಡುವುದೂ ಆಗ ರೂಢಿಗೆ ಬಂತು.

ದೋಷಗಳೂ ಇದ್ದವು, ಅವನ್ನು ಮುಚ್ಚಿಟ್ಟು ಹೊಗಳುವುದು ರಾಬರ್ಟ್ಸರಿಗೆ ಗೌರವವಲ್ಲ. ಒಂದನ್ನು ಬಿಡಿಸಿ ಹೇಳುತ್ತೇನೆ. ಪ್ರತಿ ತುಕಡಿ ತನ್ನ ಸುತ್ತಲಿನ ಆರೂ ಮನೆಗಳ ಮೇಲೆ ಹಿಡಿತ ಇಟ್ಟಿರುತ್ತದೆ. ಶತ್ರು ಆ ಮನೆಗೆ ಕಾಲಿಟ್ಟರೆ ನಿಲ್ಲಬೇಕು, ಹೊಡೆದಾಡಬೇಕು. ಇದರಿಂದ ಕೆಲವೇ ತುಕಡಿಗಳಿಂದ ಉದ್ದದ ಸಾಲು ಕಟ್ಟಬಹುದು, ಜಾಣ ಉಪಾಯ. ಆದರೆ ನಿಮ್ಮ ಸೈನ್ಯ ಎರಡು ಶತ್ರು ತುಕಡಿಗಳಿಗೆ ತಾಗಿ ನಿಂತಿದ್ದರೆ ಎರಡರ ಮೇಲೂ ದಾಳಿ ಮಾಡಲೇಬೇಕೆಂಬುದು ನಿಯಮ. ಆಗ ಆಟಗಾರರು ಏನು ಮಾಡುತ್ತಿದ್ದರೆಂದರೆ, ಒಂದರ ಮೇಲೆ ಬೇಕಾದ 3ಕ್ಕೆ 1 ಹೊಂದಿಸಿಕೊಂಡು, ಇನ್ನೊಂದರ ಮೇಲೆ ಅತ್ಯಂತ ಬಡಪಾಯಿ ತುಕಡಿಯೊಂದನ್ನು ಸಾಯಲೆಂದೇ ಕಳಿಸುತ್ತಿದ್ದರು. ಇದಕ್ಕೆ ಆಟಗಾರರ ನಡುವೆ 'ಸೋಕ್-ಆಫ್' ಎಂಬ ಹೆಸರೇ ಇತ್ತು. ಸರದಿಗೊಂದರಂತೆ, ಕೋಷ್ಟಕದ ಒಂದು ಕಾಲಂ ತಪ್ಪಿಸಿಕೊಳ್ಳುವುದಕ್ಕಾಗಿ ರೆಜಿಮೆಂಟ್‌ಗಳನ್ನು ಬಲಿಕೊಡುವ ಸೇನಾಪತಿ ನಿಜವಾದ ಸೈನ್ಯದಲ್ಲಿ ಎಷ್ಟು ದಿನ ಬಾಳುತ್ತಿದ್ದ? ಅಲ್ಲಿ ಆಡುತ್ತಿದ್ದುದು ಇತಿಹಾಸವನ್ನಲ್ಲ, ನಿಯಮದ ಸಂದುಗಳನ್ನು.

ಮುಂದಿನ ಪೀಳಿಗೆಯ ಡಿಸೈನರ್‌ಗಳು ಹಿಡಿದದ್ದು ಇಂಥವನ್ನೇ. ಅವಲಾನ್ ಹಿಲ್‌ಗೆ 'ಜಟ್ಲಂಡ್' ಮಾಡಿಕೊಟ್ಟ ಜೇಮ್ಸ್ ಡನ್ನಿಗನ್ 1969ರಲ್ಲಿ ತಮ್ಮದೇ ಎಸ್‌ಪಿಐ ಕಂಪನಿ ಕಟ್ಟಿ, ಒಂದಾದ ಮೇಲೊಂದು ಆಟ ತಂದು ಹಳೆಯ ಮಾದರಿಯನ್ನು ಪ್ರಶ್ನಿಸಿದರು. ಸರಬರಾಜು, ದಣಿವು, ಸೈನಿಕರ ಮನೋಬಲ, ಆಜ್ಞೆ ತಲುಪುವುದರಲ್ಲಿನ ವಿಳಂಬ, ಎಲ್ಲಕ್ಕೂ ನಿಯಮ ಬಂದವು. ಹಾಗೆ ಪ್ರಶ್ನಿಸಲು ಆಗಿದ್ದು ಎಲ್ಲವೂ ಕಾಗದದ ಮೇಲೆ ತೆರೆದಿದ್ದುದರಿಂದ ಎಂಬುದನ್ನು ಮರೆಯಬಾರದು. ತೀರ್ಪುಗಾರನ ಮಾತಿಗೆ ಪುರಾವೆ ಇರುವುದಿಲ್ಲ. ಕೋಷ್ಟಕದಲ್ಲಿ ಬರೆದ ಅಂಕಿಯನ್ನು ಯಾರು ಬೇಕಾದರೂ ತೋರಿಸಿ, 'ಈ ತುಕಡಿಗೆ 4 ಹೇಗೆ ಕೊಟ್ಟಿರಿ, 1941ರ ಡಿಸೆಂಬರ್‌ನಲ್ಲಿ ಅದರ ಅರ್ಧ ಜನ ಉಳಿದಿರಲಿಲ್ಲವಲ್ಲ' ಎಂದು ಕೇಳಬಹುದು. ಉತ್ತರ ಒಪ್ಪಿಗೆಯಾಗದಿದ್ದರೆ ಅಂಕಿ ತಿದ್ದಿ ಮನೆಯಲ್ಲೇ ಆಡಿ ನೋಡಬಹುದು. ಹಾಗೆ ತಿದ್ದುತ್ತಾ ಕೂತವರಲ್ಲೇ ಹಲವರು ಮುಂದೆ ಡಿಸೈನರ್‌ಗಳಾದರು.

ಅವರಲ್ಲೊಬ್ಬರು ಗ್ಯಾರಿ ಗೈಗಾಕ್ಸ್. ಹುಡುಗುತನ ದಾಟುತ್ತಿದ್ದಾಗ ಕೈಗೆ ಸಿಕ್ಕ 'ಗೆಟಿಸ್‌ಬರ್ಗ್' ಡಬ್ಬಿಯಿಂದ ಹುಚ್ಚು ಹಿಡಿಸಿಕೊಂಡವರು 1974ರಲ್ಲಿ ಡೇವ್ ಆರ್ನೆಸನ್ ಜೊತೆ 'ಡಂಜನ್ಸ್ ಆಂಡ್ ಡ್ರ್ಯಾಗನ್ಸ್' ಎಂಬ ಫ್ಯಾಂಟಸಿ ಆಟ ಹೊರತಂದರು. ಕಂಪ್ಯೂಟರಿನಲ್ಲಿ 'ಸಿವಿಲೈಸೇಷನ್' ಆಡುವ ನಮ್ಮ ಹುಡುಗರಿಗೂ ಈ ವಂಶಾವಳಿ ತಾಗುತ್ತದೆ: ಐದನೆಯ ಆವೃತ್ತಿಯಲ್ಲಿ ಆ ಆಟ ಚೌಕದ ಮನೆಗಳನ್ನು ಬಿಟ್ಟು ಷಟ್ಕೋನಕ್ಕೆ ಬಂತು. ಅದು ಬಿಡುಗಡೆಯಾದದ್ದು 2010ರ ಸೆಪ್ಟೆಂಬರ್‌ನಲ್ಲಿ, ರಾಬರ್ಟ್ಸ್ ತೀರಿಕೊಂಡ ಮರುತಿಂಗಳು.

ಇಷ್ಟಾಗಿಯೂ ಕಂಪನಿ ಅವರಿಗೆ ಒಲಿಯಲಿಲ್ಲ. ಸಾಲ ಏರಿತು. 1963ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕುವ ಹಂತಕ್ಕೆ ಬಂದಾಗ, ಬಾಕಿ ಬರಬೇಕಿದ್ದವರೇ ಕಂಪನಿಯನ್ನು ವಹಿಸಿಕೊಂಡರು. ಆಟಗಳನ್ನು ಅಚ್ಚು ಹಾಕುತ್ತಿದ್ದ ಪ್ರೆಸ್ಸಿನವರು ಮತ್ತು ಡಬ್ಬಿ ಮಾಡಿಕೊಡುತ್ತಿದ್ದವರು! ಅವರ ಕೈಯಲ್ಲಿ ಅದು 1998ರಲ್ಲಿ ಆಟಿಕೆ ಕಂಪನಿ ಹ್ಯಾಸ್ಬ್ರೊ ಕೊಳ್ಳುವವರೆಗೆ ಬಾಳಿತು. ರಾಬರ್ಟ್ಸ್ ಪುಸ್ತಕ ಪ್ರಕಾಶನಕ್ಕೆ ಹೊರಳಿ, ಬಾಲ್ಟಿಮೋರ್ ಅಂಡ್ ಓಹಾಯೋ ರೈಲ್ವೆಯ ಚರಿತ್ರೆಯ ಮೇಲೆ ದಪ್ಪ ಪುಸ್ತಕಗಳನ್ನು ಬರೆದರು. ರೈಲ್ವೆ ಪ್ರಿಯರ ಬಳಗದಲ್ಲಿ ಅವರ ಹೆಸರು ಹೇಳಿದರೆ ಯುದ್ಧದ ಆಟ ನೆನಪಾಗುವುದಿಲ್ಲ, ಬೆಟ್ಟ ಹತ್ತುವ ಗೂಡ್ಸ್ ಗಾಡಿಗಳು ನೆನಪಾಗುತ್ತವೆ. ಅಂದಹಾಗೆ 1958ರಲ್ಲಿ 'ಗೆಟಿಸ್‌ಬರ್ಗ್' ಜೊತೆಗೇ ಅವರು ಹೊರತಂದ ಇನ್ನೊಂದು ಆಟ 'ಡಿಸ್ಪ್ಯಾಚರ್', ರೈಲು ಓಡಿಸುವವರ ಕಥೆ. ಯಾವ ಗಾಡಿ ಯಾವ ಹಳಿಯಲ್ಲಿ ಎಷ್ಟು ಹೊತ್ತಿಗೆ ಬರಬೇಕೆಂಬ ಲೆಕ್ಕ ಅವರಿಗೆ ಮೊದಲಿನಿಂದಲೂ ಪ್ರಿಯ. ಗೆಟಿಸ್‌ಬರ್ಗ್‌ಗೆ ಬರುವ ಸೈನ್ಯಗಳ ವೇಳಾಪಟ್ಟಿಯನ್ನು ಈಗ ಮತ್ತೊಮ್ಮೆ ನೋಡಿದರೆ ಅದು ಯುದ್ಧಕ್ಕಿಂತ ಹೆಚ್ಚಾಗಿ ರೈಲ್ವೆಯವರ ಟೈಮ್‌ಟೇಬಲ್ ಎಂದೇ ನನಗನಿಸುತ್ತದೆ.

ಪ್ರಶಸ್ತಿ ಹುಟ್ಟಿದ್ದು ಅವರು ಬದುಕಿದ್ದಾಗಲೇ. 1975ರ ಜುಲೈನಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 'ಒರಿಜಿನ್ಸ್' ಎಂಬ ಆಟಗಾರರ ಮೊದಲ ಸಮಾವೇಶ ನಡೆದಾಗ ಅದು ಬೆಳಕಿಗೆ ಬಂತು. ಮುಂದೆ ಫ್ಯಾಂಟಸಿ ಆಟಗಳ ಅಬ್ಬರ ಹೆಚ್ಚಿ ಸಮಾವೇಶದ ಪ್ರಶಸ್ತಿಗಳು ಬೇರೆ ದಾರಿ ಹಿಡಿದವು. ರಾಬರ್ಟ್ಸ್ ಹೆಸರಿನದು ಇತಿಹಾಸದ ಆಟಗಳಿಗೇ ಮೀಸಲಾಗಿ ಉಳಿಯಿತು. ನಡುವೆ ಕೆಲವು ವರ್ಷ ನಿಂತೇಹೋಗಿತ್ತು, ಆಮೇಲೆ ಹವ್ಯಾಸಿಗಳೇ ಮತ್ತೆ ಎಬ್ಬಿಸಿದರು. ಪುರಾತನ ಕಾಲದ ಯುದ್ಧ, ನೆಪೋಲಿಯನ್ ಕಾಲ, ಎರಡನೆಯ ಮಹಾಯುದ್ಧ, ಹೀಗೆ ಕಾಲಘಟ್ಟದ ಮೇಲೆ ವಿಭಾಗಗಳು.

ಈ ಗೌರವದ ಜೊತೆ ಒಂದು ಕಸಿವಿಸಿಯೂ ಬರುತ್ತದೆ, ಅದನ್ನು ಹೇಳದೆ ಬಿಡಲಾರೆ. 'ಆಫ್ರಿಕಾ ಕೋರ್' ಆಡುವುದು 1941-42ರ ಲಿಬಿಯಾ, ಈಜಿಪ್ಟ್ ಮರುಭೂಮಿಯಲ್ಲಿ. ಡಬ್ಬಿಯ ಹೆಸರು ಜರ್ಮನ್ನರದು, ಅವರ ಸೇನಾಪತಿ ರಾಮೆಲ್‌ಗೆ ಬೇರೆಯೇ ಒಂದು ಬಿಲ್ಲೆ. ಆತ ಜೊತೆಗಿದ್ದರೆ ತುಕಡಿಗಳು ಇನ್ನಷ್ಟು ದೂರ ಓಡುತ್ತವೆ. ಅದೇ ಮರಳಿನಲ್ಲಿ ಭಾರತದ 4ನೇ ಡಿವಿಷನ್ ಹೋರಾಡಿತ್ತು. ಅದರ ಜೊತೆ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನ 12ನೇ ಫೀಲ್ಡ್ ಕಂಪನಿ ಇತ್ತು. ಮೈನ್ ತೆಗೆಯುವುದು, ದಾರಿ ಮಾಡುವುದು, ಕಂದಕ ಮುಚ್ಚಿ ಟ್ಯಾಂಕ್ ದಾಟಿಸುವುದು ಅವರ ಕೆಲಸ. ಅರ್ಧ ಅಂಗುಲದ ಬಿಲ್ಲೆಯ ಮೇಲೆ ಇಡೀ ಬ್ರಿಗೇಡ್ ಒಂದು ಅಂಕಿಯಾದಾಗ ಆ ಕಂಪನಿಗೆ ಜಾಗವೇ ಇರುವುದಿಲ್ಲ. ಸತ್ತ ಬಿಲ್ಲೆ ಡಬ್ಬಿಯ ಮುಚ್ಚಳಕ್ಕೆ ಹೋಗಿ ಬೀಳುತ್ತದೆ, ಆಟ ಮುಂದುವರಿಯುತ್ತದೆ. ರಾಬರ್ಟ್ಸ್ ಮಾದರಿ ಉತ್ತರಿಸುವುದು ಸೇನಾಪತಿಯ ಪ್ರಶ್ನೆಗಳನ್ನು ಮಾತ್ರ. ಸಿಪಾಯಿಯ ಪ್ರಶ್ನೆಗೆ ಅದರಲ್ಲಿ ಕಾಲಂ ಇಲ್ಲ.

ಈಚಿನ ಡಿಸೈನರ್‌ಗಳು ನಿರಾಶ್ರಿತರು, ಊರಿನವರ ಬೆಂಬಲ, ಬಂಡಾಯ, ಮಾತುಕತೆ ಇವನ್ನೆಲ್ಲ ಆಟದೊಳಗೆ ತರುತ್ತಿದ್ದಾರೆ. ಅನೇಕರು ದಾಳ ಬಿಟ್ಟು ಇಸ್ಪೀಟಿನಂಥ ಎಲೆಗಳನ್ನು ಹಿಡಿದಿದ್ದಾರೆ, ಕೆಲವರು ಷಟ್ಕೋನವನ್ನೂ ಬಿಟ್ಟು ಊರಿನಿಂದ ಊರಿಗೆ ಗೆರೆ ಎಳೆದ ನಕ್ಷೆ ಬಳಸುತ್ತಾರೆ. 3ಕ್ಕೆ 1ರ ಹಳೆಯ ಕೋಷ್ಟಕ ಕಣ್ಣಿಗೆ ಬೀಳುವುದು ಅಪರೂಪ. ರಾಬರ್ಟ್ಸ್ ಬಳಸಿದ ಒಂದೊಂದೇ ಉಪಕರಣವನ್ನು ಹೀಗೆ ಬಿಟ್ಟುಕೊಟ್ಟ ಆಟಗಳಿಗೂ ಅವರ ಹೆಸರಿನ ಪ್ರಶಸ್ತಿ ಹೋಗುತ್ತಿದೆ, ಅದಕ್ಕೆ ಹಳಬರ ತಕರಾರೂ ಹೆಚ್ಚಿಲ್ಲ.